ಆರು ಡಬ್ಬಿಗಳ ಕೂಗು

ಲಕ್ಷ್ಮೇಶ್ವರದ ಸಕ್ರಪ್ಪನಿಗೆ ಊರಿನ ಹೆಣ್ಣುಮಕ್ಕಳ ಕಾಲೇಜಿನವರು ಶಾಲು ಹೊದಿಸಿ ಕೈಗೆ ಹಣ್ಣಿನ ಬುಟ್ಟಿ ಕೊಟ್ಟ ಮಧ್ಯಾಹ್ನವೇ ಅವನು ಅಪರಾಧ ಮಾಡುವುದೆಂದು ತೀರ್ಮಾನಿಸಿದ.

ಸನ್ಮಾನ ಎಂದರೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರಲ್ಲಿ ಯಾರಿಗೆ ಶಾಲು ಹೊದಿಸಿದರೂ ಮರುದಿನದಿಂದ ಅವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಪ್ರಿನ್ಸಿಪಾಲ್ ಮಂಜುಳಾ ಮೇಡಂ ಮೈಕಿನ ಮುಂದೆ ನಿಂತು, "ಇಪ್ಪತ್ತಾರು ವರ್ಷ ನಮ್ಮ ಕಾಲೇಜಿನ ಕಂಪ್ಯೂಟರುಗಳನ್ನು ಕಾಪಾಡಿದ ಹಿರಿಯರು" ಅಂದರು. ಹಿರಿಯರು! ಅವನಿಗಿನ್ನೂ ಐವತ್ತಮೂರು. ಅದೇ ಉಸಿರಿನಲ್ಲಿ ಮೇಡಂ, ಹೊಸ ಲ್ಯಾಬಿಗೆ ಬಂದಿರುವ ಇಪ್ಪತ್ತು ಕಂಪ್ಯೂಟರುಗಳನ್ನು ಇನ್ನು ಮುಂದೆ ನೇತ್ರಾ ನೋಡಿಕೊಳ್ಳುತ್ತಾಳೆ ಎಂದೂ ಹೇಳಿದರು. ಪಕ್ಕದಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದವಳೂ ನೇತ್ರಾಳೇ. ಸಕ್ರಪ್ಪನ ಶಿಷ್ಯೆ. ಶಿರಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬಂದು ಎರಡು ವರ್ಷ ಅವನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಕಲಿತವಳು. ಆಮೇಲೆ ಗದಗಿಗೆ ಹೋಗಿ ಡಿಪ್ಲೊಮಾ ಮುಗಿಸಿದಳು, ಸ್ಕೂಟಿ ತಗೊಂಡಳು, ಈಗ ಅವನ ಲ್ಯಾಬನ್ನೂ ತಗೊಂಡಳು. ಬುಟ್ಟಿ ಕೊಟ್ಟವಳು ಕಾಲಿಗೂ ನಮಸ್ಕಾರ ಮಾಡಿದಳು. ಅದು ಸಕ್ರಪ್ಪನನ್ನು ಇನ್ನಷ್ಟು ಉರಿಸಿತು.

ಸಕ್ರಪ್ಪನ ವಿದ್ಯೆ ಕಿವಿಯ ವಿದ್ಯೆ. ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಅದು ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. ಕರೆಂಟು ಸರಿಯಾಗಿ ಬರುತ್ತಿದೆಯೇ, ಮೆಮೊರಿ ಇದೆಯೇ, ಪರದೆಗೆ ಚಿತ್ರ ಕಳಿಸುವ ಕಾರ್ಡು ಇದೆಯೇ, ಕೀಬೋರ್ಡು ಇದೆಯೇ ಎಂದು ಒಂದೊಂದನ್ನೇ ವಿಚಾರಿಸುತ್ತದೆ. ಎಲ್ಲ ನೆಟ್ಟಗಿದ್ದರೆ 'ಪೀಂ' ಎಂದು ಒಮ್ಮೆ ಸಣ್ಣಗೆ ಕೂಗಿ ಮುಂದೆ ಹೋಗುತ್ತದೆ. ಏನಾದರೂ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಆ ಹೊತ್ತಿಗೆ ಪರದೆ ಇನ್ನೂ ಬೆಳಗಿರುವುದಿಲ್ಲವಾದ್ದರಿಂದ ತನ್ನ ಕಷ್ಟವನ್ನು ಬರೆದು ತೋರಿಸಲು ಅದಕ್ಕೆ ಬಾರದು, ಕೂಗಿಯೇ ಹೇಳಬೇಕು. ಉದ್ದುದ್ದ ಕೂಗಿದರೆ ಮೆಮೊರಿಯ ತೊಂದರೆ. ಒಂದು ಉದ್ದ, ಎರಡು ಗಿಡ್ಡ ಕೂಗಿದರೆ ಕಾರ್ಡಿನದು. ಈ ಭಾಷೆಯನ್ನು ಸಕ್ರಪ್ಪ ಹಕ್ಕಿಗಳ ಭಾಷೆಯಂತೆ ಕಲಿತಿದ್ದ. ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಬೆರಳಲ್ಲಿ ತಾಳ ಹಾಕುತ್ತಾ ರೋಗ ಹೇಳುತ್ತಿದ್ದ. ಒಮ್ಮೆ ಮುಂಡರಗಿಯ ಟೈಪಿಂಗ್ ಸಂಸ್ಥೆಯೊಂದರ ಮಾಲೀಕ ಕಂಪ್ಯೂಟರಿನ ಹತ್ತಿರ ಫೋನು ಹಿಡಿದಿದ್ದ. ಸಕ್ರಪ್ಪ ಇಲ್ಲಿ ತನ್ನ ಕುರ್ಚಿಯಿಂದ ಏಳದೆ, "ಮೆಮೊರಿ ಪಟ್ಟಿ ತಗದು ಅದರ ಹಲ್ಲಿಗೆ ರಬ್ಬರ್ ತಿಕ್ಕಿ ಹಾಕ್ರಿ" ಅಂದ. ಅದು ಚಾಲೂ ಆಯಿತು. ಆ ಸುದ್ದಿ ಹುಲಕೋಟಿಯವರೆಗೂ ಹೋಗಿತ್ತು.

ಆದರೆ ಎರಡು ವರ್ಷಗಳಿಂದ ಆ ಕೂಗು ಅವನಿಗೆ ಕೇಳಿಸುತ್ತಿರಲಿಲ್ಲ.

ಇದು ಅವನ ಹೆಂಡತಿ ಕಳಕವ್ವನಿಗೂ ಗೊತ್ತಿರಲಿಲ್ಲ. ಮಾತು ಕೇಳುತ್ತಿತ್ತು, ಬಸ್ಸಿನ ಹಾರ್ನು ಕೇಳುತ್ತಿತ್ತು, ಬಕೆಟ್ಟು ಉರುಳಿದ್ದು ಕೇಳುತ್ತಿತ್ತು. ಸಣ್ಣ, ಚೂಪು ದನಿಗಳು ಮಾತ್ರ ಹೋಗಿಬಿಟ್ಟಿದ್ದವು. ಗದಗಿನ ಡಾಕ್ಟರು ಕಿವಿಗೆ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿ, ಕಿವಿಯ ಮಶೀನು ಬರೆದುಕೊಟ್ಟಿದ್ದರು. ಕಂಪ್ಯೂಟರಿನ ಕಿವಿವೈದ್ಯನೇ ಕಿವಿಗೆ ಮಶೀನು ಹಾಕಿಕೊಂಡು ಅಂಗಡಿಯಲ್ಲಿ ಕೂತರೆ ಲಕ್ಷ್ಮೇಶ್ವರದ ಜನ ಏನನ್ನಬಹುದು ಎಂದು ಯೋಚಿಸಿ ಆ ಚೀಟಿಯನ್ನು ಬಸ್‌ ನಿಲ್ದಾಣದಲ್ಲೇ ಹರಿದು ಹಾಕಿದ್ದ. ಅಂದಿನಿಂದ ಅವನು ಗಿರಾಕಿಗಳ ಹುಬ್ಬು ನೋಡಿ ಕೂಗು ಎಣಿಸುವುದನ್ನು ರೂಢಿ ಮಾಡಿಕೊಂಡ. ಡಬ್ಬಿ ಕೂಗಿದಾಗಲೆಲ್ಲ ಗಿರಾಕಿ ಹುಬ್ಬು ಗಂಟಿಕ್ಕುತ್ತಾನೆ. ಎಷ್ಟು ಹೊತ್ತು ಗಂಟಿಕ್ಕಿದ, ಎಷ್ಟು ಸಲ ಗಂಟಿಕ್ಕಿದ ಎಂದು ನೋಡಿದರೆ ಸಾಕು. ಬಹಳ ಸಲ ಇದು ಸರಿಯಾಗಿಯೇ ನಡೆಯಿತು. ಕೊರ್ಲಹಳ್ಳಿಯ ಗಿರಾಕಿಯೊಬ್ಬನಿಗೆ ಮಾತ್ರ ಅವತ್ತು ಬಿಕ್ಕಳಿಕೆ ಹತ್ತಿತ್ತು. ಸಕ್ರಪ್ಪ ಆ ಬಿಕ್ಕಳಿಕೆಯನ್ನು ನಂಬಿ ಅವನ ಕಂಪ್ಯೂಟರಿನ ಒಳ್ಳೆಯ ಕಾರ್ಡನ್ನು ಕಿತ್ತುಹಾಕಿದ.

ಶಾಲಿನ ದಿನ ಮನೆಗೆ ಬಂದವನು ಹೊರಗಿನ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಾ ಯೋಚಿಸಿದ. ಮೂರನೆಯ ಹಣ್ಣು ಮುಗಿಯುವ ಹೊತ್ತಿಗೆ ಅವನ ಯೋಜನೆ ಹಣ್ಣಾಗಿತ್ತು.

ಬರುವ ಗುರುವಾರ ಹನ್ನೊಂದು ಗಂಟೆಗೆ ಗದಗಿನಿಂದ ಮೂವರ ಸಮಿತಿ ಲ್ಯಾಬ್ ನೋಡಲು ಬರುವುದಿತ್ತು. ಅವರು ಒಪ್ಪಿದರೆ ಕಂಪ್ಯೂಟರ್ ಪರೀಕ್ಷೆ ಇಲ್ಲೇ ನಡೆಯುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ಹುಡುಗಿಯರು ಗದಗಿಗೆ ಅಲೆಯಬೇಕಾಗಿಲ್ಲ. ಅವರೆದುರು ಇಪ್ಪತ್ತು ಕಂಪ್ಯೂಟರುಗಳನ್ನೂ ಒಟ್ಟಿಗೆ ಚಾಲೂ ಮಾಡಿ ತೋರಿಸಬೇಕು. ಸನ್ಮಾನಿತ ಹಿರಿಯನಾದ್ದರಿಂದ ಸಕ್ರಪ್ಪನಿಗೂ ಅವತ್ತು ಮುಂದಿನ ಸಾಲಿನಲ್ಲಿ ಕುರ್ಚಿ ಇತ್ತು. ಆರು ಕಂಪ್ಯೂಟರುಗಳ ಮೆಮೊರಿ ಪಟ್ಟಿಯನ್ನು ಹಿಂದಿನ ದಿನ ಸಡಿಲ ಮಾಡಿಟ್ಟರೆ ಏನಾಗುತ್ತದೆ? ಹದಿನಾಲ್ಕು ಚಾಲೂ ಆಗುತ್ತವೆ, ಆರು ಕೂಗಾಡುತ್ತವೆ. ನೇತ್ರಾಳಿಗೆ ಕೂಗಿನ ಭಾಷೆ ಬರುವುದಿಲ್ಲ. ಅವನು ಕಲಿಸಲು ಹೋದಾಗಲೇ ಅವಳು, "ಸರ್, ಈಗ ಅದೆಲ್ಲಾ ಬೇಕಾಗೂದಿಲ್ರಿ" ಎಂದು ನಕ್ಕಿದ್ದಳು. ಎಂಥ ಸೊಕ್ಕು! ಅವಳು ಬೆವರುತ್ತಾಳೆ. ಮೇಡಂ ಅವನ ಕಡೆ ನೋಡುತ್ತಾರೆ. ಆಗ ಅವನು ಎದ್ದು, ಡಬ್ಬಿಗೆ ಕಿವಿ ಹಚ್ಚಿ, ಎಲ್ಲರೆದುರು ರೋಗ ಹೇಳಿ, ಹತ್ತೇ ನಿಮಿಷದಲ್ಲಿ ಆರಕ್ಕೆ ಆರನ್ನೂ ಎಬ್ಬಿಸುತ್ತಾನೆ. ಉತ್ತರ ಮೊದಲೇ ಗೊತ್ತಿರುವುದರಿಂದ ಕೂಗು ಕೇಳಿಸದಿದ್ದರೂ ನಡೆಯುತ್ತದೆ. ಯಾರ ಹುಬ್ಬನ್ನೂ ನೋಡಬೇಕಾಗಿಲ್ಲ. ಮೊದಲಿನಂತೆ ಕಣ್ಣು ಮುಚ್ಚಿಕೊಳ್ಳಬಹುದು.

ಇದರಲ್ಲಿ ಪಾಪವಾದರೂ ಎಲ್ಲಿದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಏನೂ ಕಳುವಾಗುವುದಿಲ್ಲ, ಏನೂ ಮುರಿಯುವುದಿಲ್ಲ. ಸಮಿತಿ ಒಪ್ಪಿಕೊಳ್ಳುತ್ತದೆ, ಹುಡುಗಿಯರಿಗೆ ಅನುಕೂಲವಾಗುತ್ತದೆ. ಒಬ್ಬಳ ಮೂಗು ಮಾತ್ರ ಸ್ವಲ್ಪ ಕೆಳಗಾಗುತ್ತದೆ. ಪಟ್ಟಿ ಸಡಿಲ ಮಾಡಿದವನನ್ನು ಹಿಡಿಯಲು ಯಾವ ಪೊಲೀಸನ ಪುಸ್ತಕದಲ್ಲೂ ಕಲಮು ಇರಲಾರದು.

ಮೂರು ದಿನ ಅವನು ಕನ್ನಡಿಯ ಮುಂದೆ ನಿಂತು ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡಿದ. ಹುಬ್ಬು ಎಷ್ಟು ಏರಿಸಬೇಕು, ಬಾಯಿ ಎಷ್ಟು ತೆರೆಯಬೇಕು ಎಂದು ನೋಡಿಕೊಂಡ. ಕಳಕವ್ವ ಬಾಗಿಲಲ್ಲಿ ನಿಂತು ಎರಡು ನಿಮಿಷ ನೋಡಿದಳು.

"ಯಾಕ್ರಿ, ಹಲ್ಲು ನೋಯಾಕತ್ತೈತೇನು?"

"ಏನಿಲ್ಲ, ಸುಮ್ನಿರು."

"ಲವಂಗ ಕೊಡ್ತೇನಿ, ಕಚ್ಚಿ ಹಿಡೀರಿ" ಎಂದು ಆಕೆ ಎರಡು ಲವಂಗ ತಂದು ಕೊಟ್ಟಳು. ಅಪರಾಧಿಯು ಅನುಮಾನ ಹುಟ್ಟಿಸಬಾರದು. ಸಕ್ರಪ್ಪ ಅವನ್ನು ಕಚ್ಚಿಕೊಂಡ.

ಬುಧವಾರ ಬೆಳಗ್ಗೆ ನೇತ್ರಾ ಇಪ್ಪತ್ತನ್ನೂ ಚಾಲೂ ಮಾಡಿ ಪರೀಕ್ಷಿಸಿ, ನಾಲ್ಕು ಗಂಟೆಗೆ ಸ್ಕೂಟಿ ಹತ್ತಿ ಶಿರಹಟ್ಟಿಗೆ ಹೋದಳು. ಅದನ್ನು ಅವನು ಎದುರಿನ ಚಹಾದಂಗಡಿಯಿಂದ ನೋಡಿ ಖಾತ್ರಿ ಮಾಡಿಕೊಂಡ. ನಾಲ್ಕೂವರೆಗೆ ಕಾಲೇಜಿನೊಳಗೆ ಹೋದ. ಲ್ಯಾಬಿನ ಬೀಗದ ಕೈ ಮರಿಯವ್ವನ ಸೊಂಟದಲ್ಲಿರುತ್ತಿತ್ತು. ಆಕೆ ಅಲ್ಲಿ ಕಸ ಹೊಡೆದು, ಬಾಗಿಲು ತೆರೆದು ಮುಚ್ಚುವ ಹೆಂಗಸು. ಅವನಿಗಿಂತ ಹತ್ತು ವರ್ಷ ದೊಡ್ಡವಳು.

"ಯಕ್ಕಾ, ನಾಳಿ ನಾ ಎರಡು ಮಾತಾಡಬೇಕು. ಹೊಸಾ ಮಶೀನು ಹೆಂಗದಾವ ಒಮ್ಮಿ ನೋಡಿ ಹೋಗ್ತೇನಿ" ಎಂದ.

"ನೋಡ್ರಿ ಸರ, ನಿಮಗೇನು ಕೇಳೂದು" ಎಂದು ಆಕೆ ಬಾಗಿಲು ತೆರೆದಳು. "ನಾ ಪಡಸಾಲಿ ತೊಳೀತೇನಿ. ನಾಳಿ ದೊಡ್ಡವ್ರು ಬರ್ತಾರ."

ಹೊರಗೆ ಬಕೆಟ್ಟಿನ ಸದ್ದು ದೂರ ಹೋಯಿತು. ಅದು ದಪ್ಪ ಸದ್ದು. ಅವನ ಕಿವಿಗೆ ಸಿಗುವಂಥದು. ಸದ್ದು ಹತ್ತಿರ ಬಂದರೆ ಕೈ ಬಿಡಬೇಕು, ದೂರ ಹೋದರೆ ಕೆಲಸ ಮುಂದುವರಿಸಬೇಕು.

ಯಾವ ಆರು ಎನ್ನುವುದನ್ನೂ ಅವನು ಮೊದಲೇ ಗೊತ್ತುಮಾಡಿಕೊಂಡಿದ್ದ. ಒಂದೇ ಸಾಲಿನ ಆರು ಕೆಟ್ಟರೆ ಕರೆಂಟಿನ ತಪ್ಪೆನ್ನುತ್ತಾರೆ, ಇಪ್ಪತ್ತೂ ಕೆಟ್ಟರೆ ಕೈವಾಡವೆನ್ನುತ್ತಾರೆ. ಅಲ್ಲೊಂದು ಇಲ್ಲೊಂದು ಕೆಟ್ಟರೆ ಮಾತ್ರ ಅದನ್ನು ಹಣೆಬರಹ ಅನ್ನುತ್ತಾರೆ. ಮೂರು, ಏಳು, ಎಂಟು, ಹನ್ನೆರಡು, ಹದಿನೈದು, ಹತ್ತೊಂಬತ್ತು. ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಮೂರನೆಯದರ ಹಿಂಬದಿಯ ಹಿಡಿಕೆ ಎಳೆದ. ಮುಚ್ಚಳ ಬೆಣ್ಣೆಯಂತೆ ಬಿಚ್ಚಿಕೊಂಡಿತು; ಸ್ಕ್ರೂ ಕೂಡ ಇರಲಿಲ್ಲ. ಒಳಗೆ ಮೆಮೊರಿ ಪಟ್ಟಿ ಒಂದೇ ಒಂದು. ಅದರ ತುದಿಯ ಕೊಕ್ಕೆಯನ್ನು ಒತ್ತಿ, ಪಟ್ಟಿಯನ್ನು ಅರ್ಧ ಬೆರಳಿನಷ್ಟು ಮೇಲೆತ್ತಿ ಬಿಟ್ಟ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದಕ್ಕೆ ಎರಡು ನಿಮಿಷ. ಡಬ್ಬಿಯೊಳಗೆ ಬೇರೆ ಏನಿದೆ, ಏನಿಲ್ಲ ಎಂದು ನೋಡುತ್ತಾ ನಿಲ್ಲಲಿಲ್ಲ. ಒಳ್ಳೆಯ ಕಳ್ಳನು ತನಗೆ ಬೇಕಾದದ್ದನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ.

ಆರನ್ನೂ ಮುಗಿಸಿದ ಮೇಲೆ, ಒಂದನ್ನು ಚಾಲೂ ಮಾಡಿ ನೋಡಿಬಿಡಲೇ ಎಂಬ ಆಸೆ ಬಂತು. ಅದನ್ನು ಅಲ್ಲೇ ಅದುಮಿದ. ಚಾಲೂ ಮಾಡಿದರೆ ಅದು ಕೂಗುತ್ತದೆ, ಮರಿಯವ್ವ ಓಡಿ ಬರುತ್ತಾಳೆ. ಅನನುಭವಿಗಳು ಸಿಕ್ಕಿಬೀಳುವುದೇ ಇಂಥ ಚಪಲದಿಂದ ಎಂದುಕೊಂಡು, ತನ್ನ ಸಂಯಮಕ್ಕೆ ತಾನೇ ತಲೆದೂಗಿ ಹೊರಗೆ ಬಂದ. ತೊಳೆದ ಪಡಸಾಲೆಯಲ್ಲಿ ಕಾಲಿನ ಗುರುತು ಮೂಡಬಾರದೆಂದು ಗೋಡೆಯ ಅಂಚಿನಲ್ಲೇ ನಡೆದ.

ಇನ್ನೊಂದು ಅಪಾಯ ಉಳಿದಿತ್ತು. ಗುರುವಾರ ಬೆಳಗ್ಗೆ ನೇತ್ರಾ ಬೇಗ ಬಂದು ಮತ್ತೊಮ್ಮೆ ಎಲ್ಲವನ್ನೂ ಚಾಲೂ ಮಾಡಿ ನೋಡಿದರೆ ಕೆಲಸ ಕೆಡುತ್ತದೆ. ಮುಖ್ಯವಾದ ದಿನ ಒಂದು ತಾಸು ಮೊದಲೇ ನೋಡಬೇಕು ಎಂದು ಅವಳಿಗೆ ಕಲಿಸಿದವನು ಅವನೇ. ಅದಕ್ಕೆ ಬುಧವಾರ ಸಂಜೆಯೇ ಅವಳಿಗೆ ಫೋನು ಮಾಡಿ, "ನನ್ನ ಅಂಗಡ್ಯಾಗ ಒಂದು ಲ್ಯಾಪ್‌ಟಾಪ್ ಐತಿ, ನನಗ ಬಗಿಹರೀವಲ್ದು. ನಾಳಿ ಒಂಬತ್ತಕ್ಕ ಬಂದು ನೋಡವಾ" ಎಂದ. ಗುರು ಹಾಗೆ ಕೇಳಿದರೆ ಅವಳು ಇಲ್ಲವೆನ್ನಲಾರಳು. ಒಂಬತ್ತಕ್ಕೆ ಸರಿಯಾಗಿ ಸ್ಕೂಟಿ ಬಂದು ನಿಂತಿತು.

ಲ್ಯಾಪ್‌ಟಾಪಿನ ಪರದೆಯ ತಂತಿಯನ್ನು ಅವನೇ ಬಿಚ್ಚಿಟ್ಟಿದ್ದ. ಅವಳಿಗೆ ಒಂದು ತಾಸಾದರೂ ಹಿಡಿಯುತ್ತದೆ ಎಂದುಕೊಂಡಿದ್ದ. ನಾಲ್ಕು ನಿಮಿಷದಲ್ಲಿ ಹುಡುಕಿದಳು. ಆಮೇಲೆ ಸಕ್ರಪ್ಪ ಕೀಬೋರ್ಡು ಸರಿಯಿಲ್ಲವೆಂದ, ಫ್ಯಾನು ಬಿಸಿಯಾಗುತ್ತದೆಂದ, ಮೌಸು ಕುಣಿಯುತ್ತದೆಂದ. ಅದೂ ಮುಗಿದ ಮೇಲೆ ಮಿರ್ಚಿ, ಚುರುಮರಿ ತರಿಸಿದ.

"ಗುರುಗಳ, ನಾ ಹತ್ತಕ್ಕ ಹೋಗಿ ಎಲ್ಲಾ ಒಮ್ಮಿ ಚಾಲೂ ಮಾಡಿ ನೋಡಬೇಕಂದಿದ್ನಿ" ಎಂದಳು ನೇತ್ರಾ ಗಡಿಯಾರ ನೋಡುತ್ತಾ.

"ನಿನ್ನಿ ನೋಡೀ ಇಲ್ಲೋ? ಒಂದ ರಾತ್ರಿಯೊಳಗ ಅವಕ್ಕೇನು ಜಡ್ಡು ಬರ್ತೈತಿ? ತಿನ್ನು ತಿನ್ನು."

"ಅದೂ ಖರೇನರಿ" ಎಂದು ಅವಳು ಮಿರ್ಚಿಯ ತುದಿ ಮುರಿದಳು. ಆಮೇಲೆ ಹೇಳಿದಳು: "ಗುರುಗಳ, ಸನ್ಮಾನದ ದಿನ ನಿಮಗ ಬ್ಯಾಸರ ಆತೇನ್ರಿ? ಹೊಸಾ ಮಶೀನಿಗೆ ಡಿಪ್ಲೊಮಾ ಆದವ್ರ ಬೇಕಂತ ಮ್ಯಾಲಿನವ್ರು ಬರದಿದ್ರಂತ. ನಿಮ್ಮನ್ನ ಸುಮ್ನ ಬಿಟ್ಟುಬಿಡವ್ರಿದ್ರು. ನಾನ ಮೇಡಂ ಅವ್ರಿಗೆ ಹೇಳಿದ್ನಿ, ಸನ್ಮಾನ ಮಾಡ್ರಿ, ಇಲ್ಲಾಂದ್ರ ನನಗ ಆ ಕೆಲಸ ಬ್ಯಾಡ ಅಂತ."

ಸಕ್ರಪ್ಪ ಕೈಯಲ್ಲಿದ್ದ ಚುರುಮರಿಯನ್ನು ಮತ್ತೆ ಪ್ಲೇಟಿಗೆ ಹಾಕಿದ. ಒಂದು ಕ್ಷಣ, ಈಗಲೇ ಎದ್ದು ಹೋಗಿ ಆರು ಪಟ್ಟಿಗಳನ್ನೂ ಒತ್ತಿಬಿಡಲೇ ಅನ್ನಿಸಿತು. ಹತ್ತೂ ಕಾಲು, ಇನ್ನೂ ಹೊತ್ತಿತ್ತು. ಅವನು ಅರ್ಧ ಎದ್ದೂ ಬಿಟ್ಟಿದ್ದ.

"ಸಾಕ್ರಿ ಇನ್ನ, ಎಷ್ಟಂತ ದುಡೀತೀರಿ. ನಿಮ್ಮ ವಯಸ್ಸಿಗೆ ಆರಾಮ ಬೇಕ್ರಿ" ಎಂದಳು ನೇತ್ರಾ.

ಅವನು ಮತ್ತೆ ಕೂತ. "ಇನ್ನೊಂದು ಪ್ಲೇಟ್ ಮಿರ್ಚಿ" ಎಂದು ಬೀದಿಗೆ ಕೂಗಿ ಹೇಳಿದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಇಬ್ಬರೂ ಒಂದೇ ಸ್ಕೂಟಿಯಲ್ಲಿ ಕಾಲೇಜಿಗೆ ಬಂದರು. ಸಮಿತಿಯ ಕಾರು ಆಗಲೇ ಬಂದಿತ್ತು. ಅಧ್ಯಕ್ಷರು ಮೂವತ್ತು ವರ್ಷ ಫಿಸಿಕ್ಸ್ ಕಲಿಸಿ ನಿವೃತ್ತರಾದ, ದಪ್ಪ ಕನ್ನಡಕದ ಮೇಷ್ಟರು. ಇಪ್ಪತ್ತು ಹುಡುಗಿಯರು ಇಪ್ಪತ್ತು ಕಂಪ್ಯೂಟರುಗಳ ಮುಂದೆ ಕೂತಿದ್ದರು. ಮೇಲೆ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಮಂಜುಳಾ ಮೇಡಂ ಕೈ ಎತ್ತಿ ಇಳಿಸಿದರು. ಇಪ್ಪತ್ತು ಬೆರಳುಗಳು ಇಪ್ಪತ್ತು ಗುಂಡಿಗಳನ್ನು ಒತ್ತಿದವು.

ಹದಿನಾಲ್ಕು ಪರದೆಗಳು ಬೆಳಗಿದವು. ಆರು ಕಪ್ಪಗೇ ಉಳಿದವು. ಹುಡುಗಿಯರು ಗುಸುಗುಸು ಸುರು ಮಾಡಿದರು, ಕುರ್ಚಿ ಎಳೆದಾಡಿದರು. ಮೇಡಂ ಮುಖ ಬೆಳ್ಳಗಾಯಿತು. ಸಕ್ರಪ್ಪ ಅಭ್ಯಾಸ ಮಾಡಿದ ಅಳತೆಗೆ ಸರಿಯಾಗಿ ಹುಬ್ಬೇರಿಸಿದ. ನೇತ್ರಾ ಮೂರನೆಯ ಕಂಪ್ಯೂಟರಿನ ಕಡೆ ಎರಡು ಹೆಜ್ಜೆ ಹಾಕಿ ಬಗ್ಗಿ ನೋಡುತ್ತಿದ್ದಳು.

"ತಡೀ ನೇತ್ರಾ" ಎಂದ ಸಕ್ರಪ್ಪ ಎದ್ದು ನಿಂತು. ಎರಡು ವರ್ಷಗಳಿಂದ ಅಷ್ಟು ಗತ್ತಿನ ದನಿ ಅವನಿಗೇ ಸಿಕ್ಕಿರಲಿಲ್ಲ. "ಮೊದ್ಲು ಅದು ಏನ್ ಹೇಳ್ತೈತಿ ಕೇಳೂಣು."

ಅವನು ಮೂರನೆಯ ಡಬ್ಬಿಯ ಪಕ್ಕ ಮಂಡಿಯೂರಿ, ಅದರ ಬದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದ. ತಲೆಯನ್ನು ನಿಧಾನಕ್ಕೆ ಆಡಿಸಿದ. "ಮೆಮೊರಿ. ಕೂಡೋ ಜಾಗ ಬಿಟ್ಟೈತಿ" ಎಂದ. ಅದನ್ನು ಆರಿಸಿ, ಮುಚ್ಚಳ ತೆಗೆದು ಪಟ್ಟಿಯನ್ನು ಒತ್ತಿದ, ಗುಂಡಿ ಒತ್ತಿಸಿದ, ಪರದೆ ಬೆಳಗಿತು. ಏಳು, ಎಂಟು, ಹನ್ನೆರಡು. ಪ್ರತಿಯೊಂದಕ್ಕೂ ಅಷ್ಟೇ ಶ್ರದ್ಧೆಯಿಂದ ಕಿವಿ ಹಚ್ಚಿದ. ಹತ್ತೊಂಬತ್ತನೆಯದು ಬೆಳಗಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಮೇಡಂ ಕೈ ಮುಗಿದರು. ನೇತ್ರಾ ನಗುತ್ತಿದ್ದಳು. ಅದು ಸೋತವರ ನಗುವೆಂದು ಸಕ್ರಪ್ಪ ಎಣಿಸಿದ. ಅಧ್ಯಕ್ಷರು ಕಾಗದದ ಮೇಲೆ ಸಹಿಯನ್ನೂ ಹಾಕಿಬಿಟ್ಟರು. ಲ್ಯಾಬು ಪಾಸಾಯಿತು.

ಪೆನ್ನಿನ ಟೊಪ್ಪಿ ಹಾಕುತ್ತಾ ಅಧ್ಯಕ್ಷರು ಹೇಳಿದರು: "ಸಕ್ರಪ್ಪನವರ, ಇಂಥಾದ್ದು ನಾ ಎಲ್ಲೂ ನೋಡಿಲ್ರಿ. ಆದ್ರ ಈ ಗದ್ದಲದಾಗ ನಮಗೇನೂ ಕೇಳಿಸಲಿಲ್ಲ. ಒಂದ ಸಲ ನಮಗೂ ಆ ಕೂಗು ಕೇಳಸ್ರಿ. ಹುಡುಗ್ಯಾರೂ ಕಲೀಲಿ."

ಸಕ್ರಪ್ಪನಿಗೆ ಬೇಕಾಗಿದ್ದೇ ಅದು. "ಫ್ಯಾನ್ ಬಂದ್ ಮಾಡ್ರಿ. ಯಾರೂ ಉಸರ್ ಬಿಡಬ್ಯಾಡ್ರಿ" ಎಂದ. ಮೂರನೆಯದನ್ನು ಆರಿಸಿ, ಎಲ್ಲರಿಗೂ ಕಾಣುವಂತೆ ಪಟ್ಟಿಯನ್ನು ಪೂರ್ತಿ ಹೊರಗೆ ತೆಗೆದು, ನೇತ್ರಾಳಿಗೆ ಕಣ್ಸನ್ನೆ ಮಾಡಿದ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಗುಂಡಿ ಒತ್ತಿದಳು. ಕೋಣೆ ನಿಶ್ಶಬ್ದವಾಯಿತು. ಸಕ್ರಪ್ಪ ಕಣ್ಣು ಮುಚ್ಚಿ, ತೋರುಬೆರಳನ್ನು ಮೇಲೆತ್ತಿ ಗಾಳಿಯಲ್ಲಿ ಎಳೆಯತೊಡಗಿದ.

"ಉದ್ದ… ಹಾಂ… ಮತ್ತ ಉದ್ದ… ಕೇಳ್ರಿ, ಹೆಂಗ ಒದರಾಕತ್ತೈತಿ! ಕಿವಿ ಹರೀತಾವ!"

ಚಪ್ಪಾಳೆಗೆ ಕಾದು, ಅದು ಬಾರದಿದ್ದಾಗ ಕಣ್ಣು ತೆರೆದ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ಹುಬ್ಬೂ ಗಂಟಿಕ್ಕಿರಲಿಲ್ಲ.

ನೇತ್ರಾ ಹತ್ತಿರ ಬಂದು ಬಗ್ಗಿ, ಅವನಿಗೆ ಮಾತ್ರ ಹೇಳುವಂತೆ ಹೇಳಿದಳು; ಆದರೆ ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. "ಗುರುಗಳ, ಈ ಹೊಸಾವು ಕೂಗೂದಿಲ್ರಿ. ಒಳಗ ಸ್ಪೀಕರ್ ಇಟ್ಟೇ ಇಲ್ಲ. ಮೆಮೊರಿ ಸಿಗಲಿಲ್ಲಾಂದ್ರ ಗುಂಡಿ ಮ್ಯಾಲಿನ ದೀಪ ಮಿಣಮಿಣ ಮಾಡ್ತೈತಿ, ಅಷ್ಟ. ನೀವು ಅದನ್ನ ನೋಡೇ ಹೇಳಾಕತ್ತೀರಿ, ಹುಡುಗ್ಯಾರಿಗೆ ಚಂದ ಕಾಣ್ಲಿ ಅಂತ ಕಿವಿ ಹಚ್ಚಾಕತ್ತೀರಿ ಅನ್ಕೊಂಡಿದ್ನಿ." ಸಕ್ರಪ್ಪ ಡಬ್ಬಿಯ ಮುಂಬದಿಯನ್ನು ಆಗ ಮೊದಲ ಸಲ ನೋಡಿದ. ಪುಟ್ಟದೊಂದು ದೀಪ ಎರಡು ಸಲ ಕಿತ್ತಳೆಯಾಗಿ, ಮೂರು ಸಲ ಬೆಳ್ಳಗೆ ಮಿಣುಕಿ, ತುಸು ತಡೆದು, ಮತ್ತೆ ಅದನ್ನೇ ಹೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮರಿಯವ್ವ, "ನಿನ್ನಿ ಸಂಜೀಕ ಅಷ್ಟೊತ್ತು ನೋಡಿ ಹ್ವಾದ್ರು, ಗೊತ್ತಾಗಲಿಲ್ಲೇನ್ರಿ ಸರ?" ಎಂದು ಮರುಕದಿಂದ ಕೇಳಿದಳು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಆ ದೀಪವನ್ನೇ ಬಗ್ಗಿ ನೋಡಿ, ನೆಟ್ಟಗೆ ನಿಂತು, ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳುವ ಆಸೆಯಿಂದ ಅಂದರು: "ಹಂಗಾರ ಆರೂ ಡಬ್ಬಿಯೊಳಗ ಮೆಮೊರಿನ ಸಡ್ಲಾಗೈತಿ ಅಂತ ನಿಮಗ ಯಾರು ಹೇಳಿದ್ರು, ಸಕ್ರಪ್ಪನವರ?"